ಗೇರುಬೀಜದ ರೇಸುಗಳು

ನಮ್ಮ ಚಾವಡಿಯಲ್ಲಿ ನಾವು ಓಡಿಸುತ್ತಿದ್ದ ರೇಸುಗಳೆಲ್ಲ ಅದಾಗಲೇ ಓಡಿ ಮುಗಿದಿರುತ್ತಿದ್ದವು. ಆದಿತ್ಯವಾರ ಬೊಂಬಾಯಿಯಲ್ಲಿ ಕುದುರೆಗಳು ಓಡಿ, ಮೈ ತೊಳೆಸಿಕೊಂಡು, ಹುಲ್ಲು ತಿಂದು ನಿಂತು ಎಷ್ಟೋ ಹೊತ್ತು ಕಳೆದ ಮೇಲೆ ಗುರುವಾಯನಕೆರೆಯ ನಮ್ಮ ಮನೆಯಲ್ಲಿ ಅವುಗಳ ಮೇಲೆ ಪಂಥ ಸುರುವಾಗುತ್ತಿತ್ತು. ರೇಸ್ ಪುಸ್ತಕ ಬೊಂಬಾಯಿ ಬಸ್ಸಿನಲ್ಲಿ ಬರಬೇಕು. ಕಳಿಸುತ್ತಿದ್ದವನು ಅಲ್ಲಿ ಹೋಟೆಲಿನಲ್ಲಿದ್ದ ಮಾವನ ಗೆಳೆಯ. ಯಾವ ಕುದುರೆ ಗೆದ್ದಿತು ಎಂದು ಅಚ್ಚಾಗಿದ್ದ ಇಂಗ್ಲಿಷ್ ಪೇಪರನ್ನೂ ಅವನು ಪುಸ್ತಕದ ಜೊತೆಗೇ ಮಡಚಿ ಕಟ್ಟಿರುತ್ತಿದ್ದ. ಮಾವ ಆ ಪೇಪರನ್ನು ಬಿಡಿಸದೆ ನೆಲದ ಮೇಲಿಟ್ಟು, ಅದರ ಮೇಲೆ ಅಜ್ಜಿಯ ವೀಳ್ಯದ ಹರಿವಾಣ ಹೇರಿ, ಮೊದಲು ಪುಸ್ತಕವನ್ನು ಓದಿ ಹೇಳುತ್ತಿದ್ದರು. ಎಲ್ಲರೂ ಪಂಥ ಕಟ್ಟಿಯಾದ ಮೇಲೆಯೇ ಹರಿವಾಣ ಏಳಬೇಕು. ಗೆದ್ದ ಕುದುರೆ ಅಲ್ಲಿ ಅಡಿಯಲ್ಲಿ ಗೆದ್ದಾಗಿದೆ, ಸೋತದ್ದು ಸೋತಾಗಿದೆ, ಇನ್ನು ಯಾರು ಬೊಬ್ಬೆ ಹೊಡೆದರೂ ಏನೂ ಬದಲಾಗುವುದಿಲ್ಲ ಎಂಬುದು ಗೊತ್ತಿದ್ದೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಕಟ್ಟೆಗೆ, ಅಲ್ಲಿಂದ ತಿರುಗಿ ಚಾವಡಿಗೆ. ಈಗಲೂ ಅಷ್ಟೇ. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ರಿಪೋರ್ಟಿಗೆ ಕಾಯುವಾಗ ನನ್ನಷ್ಟು ಓಡಾಡುವವರು ಯಾರೂ ಇರಲಿಕ್ಕಿಲ್ಲ. ಎಲ್ಲೋ ತೀರ್ಮಾನವಾಗಿ ಹೋದದ್ದು ನನ್ನ ಹತ್ತಿರ ತಡವಾಗಿ ಬರುತ್ತಿದೆ ಎಂಬ ಈ ಕಸಿವಿಸಿ ನನಗೆ ಹತ್ತಿದ್ದು ಆ ಹರಿವಾಣದ ಹತ್ತಿರ.

ಮಾವನೆಂದರೆ ಅಮ್ಮನ ಅಣ್ಣ. ಎಳೆಯ ಪ್ರಾಯದಲ್ಲೇ ಊರು ಬಿಟ್ಟು, ಬೇರೆಯವರೆಲ್ಲ ಹೋಟೆಲಿನ ಕಡೆ ನಡೆದರೆ ಇವರು ಪುಣೆಯ ಆಚೆ ರೇಸ್ ಕುದುರೆಗಳನ್ನು ಸಾಕುವ ಒಂದು ಫಾರ್ಮ್ ಸೇರಿಕೊಂಡಿದ್ದರು. ಲಾಯ ಗುಡಿಸುವಲ್ಲಿಂದ ಸುರುಮಾಡಿ, ಹೆಣ್ಣು ಕುದುರೆಗಳು ಈಯುವಾಗ ಕಾವಲು ಕೂರುವಷ್ಟು ಮೇಲಕ್ಕೆ ಹೋದರು. ಒಂದು ಕುದುರೆ ಮಂಡಿಗೆ ಒದ್ದದ್ದರಿಂದ ಆ ಕೆಲಸ ಮುಗಿಯಿತು. ಊರಿಗೆ ಬರುವಾಗ ಕುಂಟು ಕಾಲು ಮತ್ತು ತುಂಬಿದ ತಲೆ, ಇವೆರಡನ್ನೇ ತಂದರು ಎಂದು ಅಜ್ಜಿ ಹೇಳುತ್ತಿದ್ದಳು. ನಿಜವಾದ ದುಡ್ಡು ಕಟ್ಟಿ ಕೈ ಸುಟ್ಟುಕೊಂಡಿದ್ದ ಕಾರಣ, ಮನೆಯಲ್ಲಿ ರೇಸ್ ಆಡುವುದಾದರೆ ಗೇರುಬೀಜದಲ್ಲೇ ಎಂದು ಅಜ್ಜಿ ಅವರಿಂದ ಮಾತು ತೆಗೆದುಕೊಂಡಿದ್ದಳು. ಗುಡ್ಡೆಯ ಗೇರುಮರಗಳು ಬೀಜ ಉದುರಿಸತೊಡಗಿದ ಕೂಡಲೇ ನಮ್ಮ ಸೀಸನ್ನು. ತಲೆಗೊಂದು ತೆಂಗಿನ ಗೆರಟೆ ತುಂಬ ಹಸಿಬೀಜ. ಅಮ್ಮ ಮಾತ್ರ ತನ್ನ ಪಾಲನ್ನು ತೆಗೆದುಕೊಂಡವಳೇ ಅಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನಲ್ಲಿ ಕೈ ಒರೆಸುತ್ತಾ, ಅರ್ಧ ಕೇಳಿ ಒಳಗೆ ಹೋಗುತ್ತಿದ್ದಳು.

ಅಜ್ಜಿಗೆ ಕುದುರೆಯ ಬಣ್ಣ ಬೇಡ, ಭಾರ ಬೇಡ, ಮೇಲೆ ಕೂತವನ ಹೆಸರು ಬೇಡ. ಅವಳ ಪ್ರಶ್ನೆ ಒಂದೇ.

"ಇದರ ತಾಯಿ ಯಾರು?"

ಮಾವ ಪುಸ್ತಕ ನೋಡಿ ಹೇಳುತ್ತಿದ್ದರು.

"ಅವಳ ತಾಯಿ?"

ಅದು ಪುಸ್ತಕದಲ್ಲಿ ಇರುತ್ತಿರಲಿಲ್ಲ. ಮಾವ ಕಣ್ಣು ಮುಚ್ಚಿ, ಬಾಯಿಪಾಠದಿಂದ ಹೇಳುತ್ತಿದ್ದರು.

"ತಂದೆ ಯಾರಂತ ಕೇಳುವುದಿಲ್ವಾ ಅಮ್ಮ? ದೊಡ್ಡ ಗಂಡು ಮಾರಾಯ್ತಿ, ಇಡೀ ದೇಶದಲ್ಲಿ ಹೆಸರುಂಟು ಅದಕ್ಕೆ."

"ತಂದೆ ಯಾರಾದ್ರೆ ನಮಗೆ ಎಂತ? ಅವನು ಬಂದು ಹೋದವನು."

ಇಷ್ಟು ಹೇಳಿ ಅಜ್ಜಿ ಒಂದು ಹಿಡಿ ಬೀಜ ತಳ್ಳುತ್ತಿದ್ದಳು. ತಾಯಿಯಿಂದ ಮಗಳಿಗೆ ಇಳಿಯುವ ಕುಲವೇ ಬಳಿ, ಮನೆ ಇಳಿಯುವುದೂ ಹಾಗೆಯೇ ಎಂದು ನಂಬಿ ಬಾಳಿದವಳು ಕುದುರೆಯನ್ನು ಬೇರೆ ರೀತಿಯಲ್ಲಿ ಅಳೆಯುವುದು ಹೇಗೆ? ಹೆಚ್ಚಿನ ಸಲ ಸೋಲುತ್ತಿದ್ದಳು. ಸೋತಾಗ ತಾಯಿ ಕುದುರೆಯ ಮಾನಕ್ಕೆ ಕುಂದು ಬಾರದ ಹಾಗೆ, ಮೇಲೆ ಕೂತವನಿಗೆ ಕೆಲಸ ಗೊತ್ತಿಲ್ಲ ಎಂದು ತೀರ್ಪು ಕೊಡುತ್ತಿದ್ದಳು. ನಾವು ನಗುತ್ತಿದ್ದೆವು. ಆದರೆ "ಬಂದು ಹೋದವನು" ಎಂಬ ಮಾತು ಬಿದ್ದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ನನ್ನ ಅಪ್ಪ ಬಂದು ಹೋದವರೇ. ನಾನು ತೊಟ್ಟಿಲಲ್ಲಿರುವಾಗಲೇ ವಿಟ್ಲದ ಕಡೆ ಇನ್ನೊಂದು ಸಂಸಾರ ಹೂಡಿ, ಆಮೇಲೆ ಗಲ್ಫಿಗೆ ಹೋಗಿದ್ದರು. ನಮ್ಮ ಮನೆಯಲ್ಲಿ ಅವರ ಹೆಸರು ಹೇಳುವವರಿರಲಿಲ್ಲ. ಬೈಯುವವರೂ ಇರಲಿಲ್ಲ, ಅದೇ ಹೆಚ್ಚು ಉಸಿರು ಕಟ್ಟಿಸುತ್ತಿತ್ತು.

ಸಂಜೆ ಗಂಜಿಗೆ ಮೊದಲು ಮಾವನ ಕಥೆಗಳು. ಕಥೆ ಹೇಳುವಾಗ ಅವರು ಕೂರುತ್ತಿರಲಿಲ್ಲ. ಜಗಲಿಯ ಕಂಬ ಹಿಡಿದು ನಿಂತು, ಈ ಕಾಲಿನಿಂದ ಆ ಕಾಲಿಗೆ ಮೈಭಾರ ಬದಲಾಯಿಸುತ್ತಾ ತೂಗುತ್ತಿದ್ದರು. ಲಾಯದಲ್ಲಿ ಕಟ್ಟಿಹಾಕಿದ ಕುದುರೆಗಳು ಬೇಸರ ಬಂದು ಹೀಗೇ ತೂಗುತ್ತವಂತೆ. ಒಂದಕ್ಕೆ ಆ ಚಟ ಹತ್ತಿದರೆ ಪಕ್ಕದ್ದಕ್ಕೂ ಹತ್ತುತ್ತದಂತೆ. ಮಾವನಿಗೆ ಹತ್ತಿದ್ದು ನನಗೂ ಹತ್ತಿತು. ಕೇಳಲು ನೆರೆಯ ಇದಿನಬ್ಬ ಬ್ಯಾರಿಗಳೂ ಬರುತ್ತಿದ್ದರು. ಅವರದು ವಿಟ್ಲದ ತನಕ ಓಡಾಡುವ ಅಡಿಕೆ ವ್ಯಾಪಾರ. ಪಂಥ ಹರಾಮ್ ಎಂದು ಗೇರುಬೀಜ ಮುಟ್ಟುತ್ತಿರಲಿಲ್ಲ, ಆದರೆ ಯಾವ ಕುದುರೆ ಗೆದ್ದಿತು ಎಂದು ತಿಳಿಯದೆ ಎದ್ದು ಹೋಗುತ್ತಲೂ ಇರಲಿಲ್ಲ. ಲೋಕದ ಎಲ್ಲ ರೇಸ್ ಕುದುರೆಗಳ ಗಂಡುಸಾಲು ಹಿಂದೆ ಹಿಂದೆ ಹೋದರೆ ಮೂರೇ ಮೂರು ಕುದುರೆಗಳಿಗೆ ಮುಟ್ಟುತ್ತದೆ, ಅವು ಮೂರೂ ಮೂಡಲ ದೇಶಗಳಿಂದ ಇಂಗ್ಲೆಂಡಿಗೆ ಹೋದವು ಎಂದು ಮಾವ ಹೇಳಿದಾಗ ಬ್ಯಾರಿಗಳ ಮುಖ ಅರಳುತ್ತಿತ್ತು, ತಮ್ಮದೇ ಕೊಟ್ಟಿಗೆಯಿಂದ ಬಿಟ್ಟುಕೊಟ್ಟ ಹಾಗೆ.

"ಆದರೆ ಅರಬರು ಲೆಕ್ಕ ಹಿಡಿಯುವುದು ಹೆಣ್ಣು ಕುದುರೆಯಿಂದಲೇ ಅಂತೆ ಶೆಟ್ರೇ. ನನ್ನ ಮಗ ಗಲ್ಫಿನಲ್ಲಿ ಕೇಳಿ ಬಂದು ಹೇಳಿದ್ದು."

"ಎಲ್ಲ ಕಡೆಯೂ ಹಾಗೇ ಬ್ಯಾರಿಗಳೇ. ಒಂದು ಗಂಡು ಒಂದು ಸೀಸನ್ನಿನಲ್ಲಿ ಎಷ್ಟು ಹೆಣ್ಣುಗಳ ಹತ್ತಿರ ಹೋಗ್ತದೆ! ಅದರ ಮಕ್ಕಳನ್ನೆಲ್ಲ ಅಣ್ಣತಮ್ಮ ಅಂತ ಲೆಕ್ಕ ಹಿಡಿದ್ರೆ ಮುಗೀತಾ? ಒಬ್ಬ ತಾಯಿಯ ಹೊಟ್ಟೆಯಿಂದ ಬಂದ್ರೆ ಮಾತ್ರ ಒಡಹುಟ್ಟು. ಅಪ್ಪ ಒಂದೇ ಆದ್ರೆ ಏನೂ ಅಲ್ಲ. ಪುಸ್ತಕದಲ್ಲೇ ಹಾಗೆ ಬರೆಯುವುದು."

ನನಗೆ ಬಹಳ ಇಷ್ಟವಾದ ಕಥೆ ಇನ್ನೊಂದಿತ್ತು. ಈಯುವಾಗ ತಾಯಿ ಸತ್ತರೆ ಮರಿಯನ್ನು ಏನು ಮಾಡುವುದು? ಮರಿ ಸತ್ತು ಹಾಲಿರುವ ಬೇರೊಂದು ಹೆಣ್ಣಿನ ಹತ್ತಿರ ಬಿಡಬೇಕು. ಆದರೆ ಅದು ಮೂಸಿ ನೋಡುತ್ತದೆ. ತನ್ನದಲ್ಲ ಎಂದು ಗೊತ್ತಾದರೆ ಕಚ್ಚಿ, ಒದ್ದು ಕೊಂದೇ ಹಾಕೀತು. ಆಗ ಏನು ಮಾಡುತ್ತಾರೆ ಎಂದು ಮಾವ ಪ್ರತಿಸಲವೂ ಕೇಳುವರು, ನಾನು ಪ್ರತಿಸಲವೂ ಗೊತ್ತಿಲ್ಲ ಎನ್ನುವೆ.

"ಶೀತದ ಮುಲಾಮು ಉಂಟಲ್ಲ, ನೀಲಿ ಡಬ್ಬಿಯದ್ದು? ಅದನ್ನು ಆ ಕುದುರೆಯ ಮೂಗಿನ ಹೊಳ್ಳೆಗೆ ದಪ್ಪ ಬಳಿಯುವುದು. ಮತ್ತೆ ಅದಕ್ಕೆ ಯಾವ ವಾಸನೆಯೂ ಗೊತ್ತಾಗುವುದಿಲ್ಲ. ಒಂದೆರಡು ದಿನ ಅಷ್ಟೇ. ಅಷ್ಟರಲ್ಲಿ ಅದರ ಹಾಲು ಮರಿಯ ಹೊಟ್ಟೆಗೆ ಹೋಗಿ, ಮರಿಗೆ ಅದರದ್ದೇ ವಾಸನೆ ಬರ್ತದೆ. ಆಮೇಲೆ ನೀನು ಆ ಮರಿಯ ಹತ್ತಿರ ಹೋಗಿ ನೋಡು, ಆ ಹೆಣ್ಣು ಕುದುರೆ ನಿನ್ನನ್ನೇ ಒದೀತದೆ."

ಆ ನೀಲಿ ಡಬ್ಬಿ ನಮ್ಮ ಮನೆಯಲ್ಲೂ ಇತ್ತು. ಬ್ಯಾರಿಗಳ ಮಗ ಗಲ್ಫಿನಿಂದ ಬಂದಾಗಲೆಲ್ಲ ನೆರೆಕರೆಗೆ ಹಂಚುತ್ತಿದ್ದ. ಅಮ್ಮ ಅದನ್ನು ಉಪ್ಪಿನ ಮರಿಗೆಯ ಹಿಂದೆ ಇಡುತ್ತಿದ್ದಳು.

ಒಂದು ದಿನ ಬ್ಯಾರಿಗಳು ವಿಟ್ಲದ ಅಡಿಕೆ ಅಂಗಡಿಯಿಂದ ಸುದ್ದಿ ತಂದರು. ಅಪ್ಪನ ಇನ್ನೊಬ್ಬ ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಲೀಲಾ, ನನಗಿಂತ ಚಿಕ್ಕವಳು. ಆ ತಾಯಿಮನೆಯಲ್ಲಿ ಉಳಿದದ್ದು ಹಾಸಿಗೆ ಹಿಡಿದ ಮುದುಕಿ ಒಬ್ಬಳು. ಮೂಡುಬಿದಿರೆಯಲ್ಲಿದ್ದ ಅಪ್ಪನ ಕಡೆಯವರು, ಮಗು ನಮ್ಮ ಬಳಿಯದ್ದಲ್ಲ ಎಂದು ಕೈತೊಳೆದರು. ಹೆತ್ತವಳು ಹೋದ ಮೇಲೆ ಅವಳು ಯಾವ ಮನೆಯ ಲೆಕ್ಕಕ್ಕೂ ಸೇರದೆ ಹೋದಳು. ಅಪ್ಪ ಗಲ್ಫಿನಿಂದ ಹೇಳಿ ಕಳಿಸಿದ್ದು ಇಷ್ಟು: ಯಾವುದಾದರೂ ಅನಾಥಾಲಯಕ್ಕೆ ಸೇರಿಸಿ. ಅಲ್ಲಿ ಜಾಗ ಸಿಗುವ ತನಕ ಮಗುವನ್ನು ಇಟ್ಟುಕೊಳ್ಳುವವರು ಯಾರು? ಬ್ಯಾರಿಗಳು ಅಜ್ಜಿಯ ಮುಖ ನೋಡದೆ, ಗೇರುಬೀಜದ ರಾಶಿ ನೋಡುತ್ತಾ ಕೇಳಿದರು.

"ಸ್ವಲ್ಪ ದಿನದ ಮಟ್ಟಿಗೆ, ದೊಡ್ಡಮ್ಮ. ನಮ್ಮಲ್ಲಿ ಇಟ್ಟುಕೊಳ್ಳುವುದಕ್ಕೆ ನನಗೇನೂ ಅಡ್ಡಿ ಇಲ್ಲ. ಆದರೆ ಊರಿನವರು ಒಂದು ಹೇಳಿದ್ರೆ ಮಗುವಿಗೇ ಕಷ್ಟ."

ನನಗೋ ಕುಣಿಯುವಷ್ಟು ಖುಷಿ. ಸಾವಿನ ಸುದ್ದಿಗೆ ಖುಷಿಪಡಬಾರದು ಎಂಬುದೂ ತೋಚಲಿಲ್ಲ. ನನಗೊಬ್ಬಳು ತಂಗಿ ಇದ್ದಾಳೆ, ಅವಳು ಬರುತ್ತಾಳೆ. ಮಾವನ ಅಂಗಿ ಹಿಡಿದು ಎಳೆದೆ. ಅವರು ತೂಗುವುದನ್ನು ನಿಲ್ಲಿಸಿ, ಬಹಳ ಮೆಲ್ಲಗೆ, "ತಂಗಿ ಅಲ್ಲ ಸುಜಿ. ಒಬ್ಬನೇ ಅಪ್ಪ, ಅಷ್ಟೇ" ಎಂದರು. ಕುದುರೆ ಪುಸ್ತಕವೂ ಅಜ್ಜಿಯ ಬಳಿಯ ಲೆಕ್ಕವೂ ಒಂದೇ ಮಾತು ಹೇಳುವಾಗ ನಾನು ಯಾರ ಹತ್ತಿರ ಅಪೀಲು ಹೋಗಲಿ? ನನಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಲೆಕ್ಕದಲ್ಲಿ ಯಾರು ಸೇರುತ್ತಾರೆ, ಯಾರು ಸೇರುವುದಿಲ್ಲ ಎಂದು ಯಾರಾದರೂ ಮಾತೆತ್ತಿದರೆ ಈಗಲೂ ನಾನು ಎದ್ದು ಹೋಗುತ್ತೇನೆ, ಮದುವೆ ಮಾತುಕತೆಯಾದರೂ ಸರಿ.

ಲೀಲಾಳನ್ನು ಬ್ಯಾರಿಗಳು ಬಂಟ್ವಾಳದಲ್ಲಿ ಬಸ್ಸು ಬದಲಾಯಿಸಿ ಕರೆದುಕೊಂಡು ಬಂದರು. ಕೈಯಲ್ಲೊಂದು ಬಟ್ಟೆಯ ಚೀಲ, ಎಣ್ಣೆ ಸುರಿದು ಬಿಗಿಯಾಗಿ ಹೆಣೆದ ಎರಡು ಜಡೆ. ಹೊರಡುವಾಗ ಅವಳ ಅಜ್ಜಿ ಮಲಗಿದಲ್ಲಿಂದಲೇ ಹೆಣೆದದ್ದಂತೆ. ಯಾವ ಸೊಪ್ಪು ಹಾಕಿ ಕಾಸಿದ ಎಣ್ಣೆಯೋ, ಘಮ್ಮೆಂದು ಗಾಢವಾದ ವಾಸನೆ. ಅವಳು ಕೂತೆದ್ದ ಜಾಗದಲ್ಲೆಲ್ಲ ಅದು ಉಳಿಯುತ್ತಿತ್ತು. ಅಮ್ಮ ಅವಳಿಗೆ ನೆಂಟರಿಗೆಂದು ತೆಗೆದಿಟ್ಟ ಹೊಳೆಯುವ ಬಟ್ಟಲಿನಲ್ಲಿ ಬಡಿಸಿದಳು. ನಮ್ಮವು ತಗ್ಗುಬಿದ್ದ ಹಳೆಯ ಬಟ್ಟಲುಗಳು. ಗಂಜಿ, ಬಸಳೆಯ ಪದಾರ್ಥ, ಸುಟ್ಟ ಒಣಮೀನು. ಏನೂ ಕಡಿಮೆ ಮಾಡಲಿಲ್ಲ. ಆದರೆ ಬಟ್ಟಲನ್ನು ನೆಲದಲ್ಲಿಟ್ಟು, ಸ್ವಲ್ಪ ಮುಂದಕ್ಕೆ ತಳ್ಳಿ, ಹಿಂದೆ ಸರಿಯುತ್ತಿದ್ದಳು. ಮೀಯಲು ನೀರು ಕಾಯಿಸಿ, ಮೀಯಿಸಲು ಅಜ್ಜಿಯನ್ನು ಕಳಿಸುತ್ತಿದ್ದಳು. ಅಜ್ಜಿ ಮೀಯಿಸುತ್ತಿದ್ದದ್ದು ಮೈ ಮಾತ್ರ. ಜಡೆ ಬಿಚ್ಚಲು ಹೋದರೆ ಲೀಲಾ ಎರಡೂ ಕೈಗಳಿಂದ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಅಮ್ಮನ ಬೆರಳು ಆ ಮಗುವಿಗೆ ತಾಗಿದ್ದನ್ನು ನಾನು ನೋಡಲಿಲ್ಲ.

ಮನೆಯಲ್ಲಿ ಯಾರಿಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಕೆಳಗೆ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಲೀಲಾ ಉಣ್ಣುತ್ತಿದ್ದಲ್ಲಿಂದ ಎದ್ದು ಗೇಟಿಗೆ ಓಡುತ್ತಿದ್ದಳು, ಅವಳ ಅಜ್ಜಿ ಬಂದಾಳೆಂದು. ನಾನು ಅವಳ ಹಿಂದೆ. ಮಾವ ಕಂಬದ ಹತ್ತಿರ ತೂಗುತ್ತಿದ್ದರು. ಅಮ್ಮ ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು. ಪುಸ್ತಕ ಬಂದ ದಿನ ಚಾವಡಿಯಲ್ಲಿ ಪಂಥ ನಡೆಯಿತು, ಆದರೆ ಲೀಲಾಳಿಗೆ ಗೆರಟೆ ಕೊಡಲಿಲ್ಲ. ನನ್ನ ಪಾಲಿನಿಂದ ಅರ್ಧ ಅವಳ ಮಡಿಲಿಗೆ ಸುರಿದೆ. ಅವಳು ಯಾವ ಕುದುರೆಗೂ ಕಟ್ಟದೆ, ಬೀಜಗಳನ್ನು ಸಾಲಾಗಿ ಇಟ್ಟು, ಕೆಡಿಸಿ, ಮತ್ತೆ ಇಟ್ಟಳು. ಅಜ್ಜಿ ಆ ದಿನ ಯಾವ ಕುದುರೆಯ ತಾಯಿಯನ್ನೂ ವಿಚಾರಿಸಲಿಲ್ಲ. ಬಾಯಿಗೆ ಬಂದ ಕುದುರೆಗೆ ಕಟ್ಟಿದಳು, ಗೆದ್ದಳು, ಗೆದ್ದ ಬೀಜವನ್ನು ಎಳೆದುಕೊಳ್ಳಲೂ ಇಲ್ಲ.

ಅಮ್ಮನ ಕಷ್ಟ ಏನೆಂದು ನನಗೆ ತಿಳಿದದ್ದು ಒಂದು ಮಧ್ಯಾಹ್ನ. ಅಂಗಳದಲ್ಲಿ ಅಮ್ಮ ಮತ್ತು ಅಜ್ಜಿ ಹಳೆಯ ಬಾಣಲೆಯಲ್ಲಿ ಗೇರುಬೀಜ ಸುಡುತ್ತಿದ್ದರು. ಹೊಗೆ ಕಣ್ಣಿಗೆ ಬರುತ್ತದೆಂದು ನಾನು ಬಚ್ಚಲಿನ ಗೋಡೆಯ ಆಚೆ ನಿಂತಿದ್ದೆ.

"ಇಟ್ಟುಕೊಂಡರೆ ನಾಳೆ ಇವಳ ಮಕ್ಕಳು ಈ ಮನೆಯಲ್ಲಿ ಹುಟ್ತಾರೆ ವಾರಿಜ. ಒಂದೇ ಮಾಡಿನ ಅಡಿಯಲ್ಲಿ ಎರಡು ಬಳಿ. ನಮ್ಮಲ್ಲಿ ಹಾಗೆ ಮಾಡಿದವರಿಲ್ಲ. ಆದರೂ ನೀನು ಒಂದು ಮಾತು ಹೇಳಿದ್ರೆ ನಾನು ಅಡ್ಡ ಬರುವುದಿಲ್ಲ. ಗಂಡ ನಿನ್ನವನು, ನೋವು ನಿನ್ನದು."

ಅಮ್ಮ ಕಡ್ಡಿಯಿಂದ ಬೀಜ ಮಗುಚುತ್ತಲೇ ಇದ್ದಳು.

"ಬಳಿಯ ವಿಷಯ ಅಲ್ಲ ಅಮ್ಮ. ಮಗುವಿನ ಮುಖ ನೋಡಿದ್ರೆ ಪಾಪ ಅನಿಸ್ತದೆ. ಹತ್ತಿರ ಬಂದ್ರೆ ಹೊಟ್ಟೆ ತೊಳೆಸಿ ಬರ್ತದೆ. ಆ ಎಣ್ಣೆಯ ವಾಸನೆ. ಅವರು ಕಡೆಯ ಸಲ ಇಲ್ಲಿಗೆ ಬಂದಾಗ ಅವರ ಅಂಗಿಯಲ್ಲಿ ಇದ್ದದ್ದು ಇದೇ ವಾಸನೆ. ನಾನು ಎಂತ ಮಾಡಲಿ, ಹೇಳಿ."

ಬಾಣಲೆಯ ಬೀಜಕ್ಕೆ ಬೆಂಕಿ ಹತ್ತಿಕೊಂಡು ಭಗ್ಗೆಂದಿತು. ಇಬ್ಬರೂ ಮಣ್ಣು ಎರಚಿ ಆರಿಸಿದರು.

ಮೂಡುಬಿದಿರೆಯ ಅನಾಥಾಲಯದಲ್ಲಿ ಜಾಗ ಇದೆ ಎಂದು ಸುದ್ದಿ ಬಂದಾಗ ಮಾವನೇ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ನಾನು ಅವರ ಜೊತೆ ಜಗಳಕ್ಕೆ ನಿಂತೆ. ಇಡೀ ಲೋಕದ ಕುದುರೆಗಳು ಮೂರು ಅಪ್ಪಂದಿರ ಮಕ್ಕಳೆಂದು ನೀವೇ ಹೇಳಿದ್ದಲ್ವಾ, ಹಾಗಾದರೆ ಎಲ್ಲ ಒಡಹುಟ್ಟುಗಳೇ ಆಗಬೇಕಲ್ವಾ, ಬೇಕಾದಾಗ ಅಪ್ಪನ ಲೆಕ್ಕ, ಬೇಡವಾದಾಗ ಅಮ್ಮನ ಲೆಕ್ಕ, ಇದು ಯಾವ ಊರಿನ ನ್ಯಾಯ ಎಂದು ಒಂದೇ ಉಸಿರಿಗೆ ಕೇಳಿದೆ. ಮಾವ ನಗಲೂ ಇಲ್ಲ, ಗದರಿಸಲೂ ಇಲ್ಲ.

"ನಿನ್ನ ಅಮ್ಮನನ್ನು ಒತ್ತಾಯ ಮಾಡುವುದಕ್ಕಾಗುವುದಿಲ್ಲ ಮಗಾ. ಒತ್ತಾಯ ಮಾಡಿ ಬಿಟ್ಟರೆ ಒದೆ ಬೀಳುವುದು ಮರಿಗೆ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಸೆರಗಿನಲ್ಲಿ ಕೈ ಒರೆಸುತ್ತಾ. ಎಂದಿನಂತೆ ಅರ್ಧ ಕೇಳಿ ಒಳಗೆ ಹೋದಳು.

ಹೊರಡುವ ಬೆಳಿಗ್ಗೆ ನಾನು ತಿಂಡಿ ಮುಟ್ಟಲಿಲ್ಲ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಚಪ್ಪಲಿ ಮೆಟ್ಟಿ, ಅಂಗಳದಲ್ಲಿ ಅತ್ತಿತ್ತ ನಡೆಯುತ್ತಿದ್ದರು. ಲೀಲಾ ಚೀಲವನ್ನು ತೊಡೆಯ ಮೇಲಿಟ್ಟು ಜಗಲಿಯ ಮೆಟ್ಟಿಲಲ್ಲಿ ಕೂತಿದ್ದಳು. ಬಂದ ದಿನದ ಜಡೆಗಳು ಸಡಿಲವಾಗಿ ಕೂದಲು ಕೆದರಿತ್ತು. ಅದನ್ನು ಬಿಚ್ಚಲು ಅವಳು ಬಿಟ್ಟವಳಲ್ಲ, ಬಿಚ್ಚಿ ಕಟ್ಟುತ್ತೇನೆಂದು ಅಮ್ಮ ಕರೆದವಳೂ ಅಲ್ಲ. ಅಜ್ಜಿ ಹರಿವಾಣದ ಮುಂದೆ ಕೂತು, ಹಾಕಿಕೊಳ್ಳದ ಎಲೆಗೆ ಸುಣ್ಣ ಸವರುತ್ತಿದ್ದಳು. ಕೆಳಗಿನ ತಿರುವಿನಲ್ಲಿ ಮೂಡುಬಿದಿರೆ ಬಸ್ಸಿನ ಹಾರ್ನ್ ಕೇಳಿತು. ಮಾವ, "ಹೋಗುವ ಮಗಾ, ಏಳು" ಎಂದರು. ಲೀಲಾ ಎದ್ದಳು.

ಆಗ ಅಮ್ಮ ಹೊರಗೆ ಬಂದಳು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ನಮ್ಮ ಮನೆಯ ತೆಂಗಿನೆಣ್ಣೆಯ ಗಿಂಡಿ. ಅವಳ ಮೂಗಿನ ಕೆಳಗೆ, ಹೊಳ್ಳೆಗಳ ಸುತ್ತ, ಮೇಲ್ದುಟಿಯ ತನಕ ಮುಲಾಮು ಬೆಳ್ಳಗೆ ದಪ್ಪಕ್ಕೆ ಮೆತ್ತಿತ್ತು. ಕಣ್ಣಲ್ಲಿ ಧಾರಾಕಾರ ನೀರು. ಯಾರ ಮುಖವನ್ನೂ ನೋಡದೆ ಮೆಟ್ಟಿಲಲ್ಲಿ ಕೂತು, ಲೀಲಾಳ ಕೈ ಹಿಡಿದು ಎಳೆದು, ತನ್ನ ಎರಡು ಮಂಡಿಗಳ ನಡುವೆ ಕೂರಿಸಿಕೊಂಡಳು. ಲೀಲಾಳ ಕೈಗಳು ಮೇಲೆದ್ದು ಜಡೆ ಹಿಡಿದುಕೊಂಡವು. ಅಮ್ಮ ಕಾದಳು. ಸ್ವಲ್ಪ ಹೊತ್ತಿಗೆ ಆ ಕೈಗಳು ತಾವಾಗಿಯೇ ಕೆಳಗಿಳಿದವು. ಜಡೆ ಬಿಚ್ಚಿ, ಗಿಂಡಿಯ ಎಣ್ಣೆಯನ್ನು ನೆತ್ತಿಗೆ ಸುರಿದು ತಟ್ಟಿದಳು. ಲೀಲಾ ಹೊರಳಿ ಅವಳ ಮುಖ ನೋಡಿದಳು.

"ದೊಡ್ಡಮ್ಮ, ನಿಮಗೆ ಶೀತವಾ?"

"ಹೌದು. ಒಂದೆರಡು ದಿನದಲ್ಲಿ ಹೋಗ್ತದೆ. ನೀನು ಸರಿ ಕೂತುಕೋ."

ಬಸ್ಸು ಕೆಳಗೆ ನಿಂತು, ಇನ್ನೊಂದು ಸಲ ಹಾರ್ನ್ ಹಾಕಿ ಹೋಯಿತು. ಮಾವ ಅಲ್ಲೇ ಅಂಗಳದಲ್ಲಿ ಚಪ್ಪಲಿ ಕಳಚಿ, ಕಾಲು ತೊಳೆಯಲು ಬಾವಿಕಟ್ಟೆಗೆ ನಡೆದರು. ಎಷ್ಟೋ ಹೊತ್ತು ತೊಳೆದರು. ಅಜ್ಜಿ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಟ್ಟುಕೊಂಡು, ಒಳಗಿನಿಂದ ಒಂದು ಗೆರಟೆ ತಂದು, ತನ್ನ ರಾಶಿಯಿಂದಲೇ ಬೀಜ ತುಂಬಿ ಜಗಲಿಯಲ್ಲಿಟ್ಟಳು. ನಾನು ಅತ್ತೆ. ಹೊಟ್ಟೆ ತುಂಬ ಅತ್ತೆ, ಯಾಕೆಂದು ಯಾರೂ ಕೇಳಲಿಲ್ಲ.

ಕುದುರೆಗೆ ಒಂದೆರಡು ದಿನ ಸಾಕಾಗುತ್ತಿತ್ತು. ಅಮ್ಮನಿಗೆ ಆ ಬೇಸಗೆ ಪೂರ್ತಿ ಬೇಕಾಯಿತು. ದಿನಾ ಬೆಳಿಗ್ಗೆ ಮರಿಗೆಯ ಹಿಂದಿನಿಂದ ಡಬ್ಬಿ ತೆಗೆದು, ಗೋಡೆಯ ಕಡೆ ತಿರುಗಿ ಹಚ್ಚಿಕೊಂಡು, ಆಮೇಲೆ ಲೀಲಾಳನ್ನು ತಲೆ ಬಾಚಲು ಕರೆಯುತ್ತಿದ್ದಳು. ಕೆಲವು ದಿನ ಅರ್ಧ ಬಾಚಿ ಎದ್ದು ಹಿತ್ತಿಲಿಗೆ ಹೋಗಿ, ಸುಧಾರಿಸಿಕೊಂಡು ಬಂದು ಉಳಿದರ್ಧ ಬಾಚಿದ್ದೂ ಉಂಟು. ಹೊಳೆಯುವ ಬಟ್ಟಲು ಯಾವಾಗ ನೆಂಟರ ಕಪಾಟಿಗೆ ಹಿಂತಿರುಗಿತೋ ನಾನು ಗಮನಿಸಲಿಲ್ಲ. ಶಾಲೆ ಸುರುವಾಗುವ ಹೊತ್ತಿಗೆ ಡಬ್ಬಿಯ ತಳ ಕಂಡಿತ್ತು. ಬ್ಯಾರಿಗಳ ಮಗ ರಜೆಗೆ ಬರುವವನಿದ್ದ. ಇನ್ನೊಂದು ತರಲು ಹೇಳಬೇಕಾ ಎಂದು ಮಾವ ಕೇಳಿದರು. ಅಮ್ಮ ನಮ್ಮಿಬ್ಬರನ್ನು ಮುಂದೆ ಕೂರಿಸಿಕೊಂಡು, ಬಾಯಲ್ಲಿ ರಿಬ್ಬನ್ ಕಚ್ಚಿ ಹಿಡಿದು, ಲೀಲಾಳ ಜಡೆ ಹೆಣೆಯುತ್ತಿದ್ದಳು. ಹೆಣೆದು ಮುಗಿಸಿ, ಬಗ್ಗಿ, ಅವಳ ನೆತ್ತಿಯನ್ನು ಒಮ್ಮೆ ಮೂಸಿದಳು.

"ಬೇಡ ಅಣ್ಣ" ಎಂದಳು. "ಶೀತ ಹೋಯ್ತು."